ನುಚ್ಚುಹೂವಿನ ಹಾಳೆ

ಮರಳುಗಾಡಿಗೂ ಬೋಳು ಬೆಟ್ಟಗಳಿಗೂ ನಡುವೆ ಒಂದು ಊರಿತ್ತು. ಬೇರೆ ಊರುಗಳ ನಡುವೆ ಗುಡಿಯೋ ಕಟ್ಟೆಯೋ ಇರುವ ಹಾಗೆ ಆ ಊರಿನ ನಡುವೆ ಹಾಳೆಮನೆ ಇತ್ತು. ಬೆಟ್ಟದ ಹೂಗಿಡಗಳನ್ನು ಬೇರುಸಮೇತ ಕಿತ್ತು ತಂದು, ಹಲಗೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲೊಂದು ಚೀಟಿ ಬರೆದು ಅಲ್ಲಿ ಇಡುತ್ತಿದ್ದರು. ಚೀಟಿಯಲ್ಲಿ ಹೂವಿನ ಹೆಸರು, ಸಿಕ್ಕ ಜಾಗ, ಸಿಕ್ಕ ದಿನ, ತಂದವನ ಹೆಸರು.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಯಾವ ಹೂವಿನ ಹಾಳೆ ಮುಖ ಮೇಲಾಗಿ ಮಲಗಿದೆಯೋ ಆ ಹೂವಿನ ನೆಲಕ್ಕೆ ಕಬ್ಬಿಣ ತಾಗಬಾರದು. ಗುದ್ದಲಿ ತಾಗಬಾರದು, ಹಾರೆ ತಾಗಬಾರದು, ಉಳಿ ತಾಗಬಾರದು.

ಪ್ರತಿ ವರ್ಷ ಬೇಸಿಗೆಯ ಮೊದಲ ದಿನ ಊರಿಗೆ ಊರೇ ಹಾಳೆಮನೆಯ ಅಂಗಳದಲ್ಲಿ ಕೂರುತ್ತಿತ್ತು. ಹಾಳೆಮನೆಯ ಹಿರಿಯ ಒಂದೊಂದೇ ಹಾಳೆ ಎತ್ತಿ ಚೀಟಿ ಓದುತ್ತಿದ್ದ. ಎತ್ತಿದ ಹಾಳೆಯನ್ನು ಓದಿ ಮುಗಿಸದೆ ಕೆಳಗಿಡುವ ಹಾಗಿರಲಿಲ್ಲ. ಓದಿದ ಮೇಲೆ, ಬೆಟ್ಟ ಹತ್ತಿ ನೋಡಿಬರುವ ಕೆಲಸದ ನೋಟಗಾರ ಎದ್ದು ನಿಂತು "ಕಂಡೆ" ಅನ್ನುತ್ತಿದ್ದ, ಇಲ್ಲವೇ "ಕಾಣಲಿಲ್ಲ" ಅನ್ನುತ್ತಿದ್ದ. ಮೂರು ವರ್ಷ ಸಾಲಾಗಿ "ಕಾಣಲಿಲ್ಲ" ಅಂದರೆ ಆ ಹೂವಿನ ಹಾಳೆಗಳನ್ನೆಲ್ಲ ಮಗುಚಿ ಮುಖ ಕೆಳಗೆ ಮಾಡುತ್ತಿದ್ದರು. ಮಾರನೆಯ ಬೆಳಗ್ಗೆ ಆ ನೆಲಕ್ಕೆ ಕಬ್ಬಿಣ ಹೋಗಬಹುದಿತ್ತು. ನೋಟಗಾರನ ಬಾಯಿಮಾತೇ ಸಾಕ್ಷಿ. ಬೇರೆ ಯಾರಾದರೂ ಕಂಡೆ ಅಂದರೆ ಮಾತ್ರ ಬೇರಿರುವ ಗಿಡ ತಂದು ತೋರಿಸಬೇಕು.

ಹಾಳೆಮನೆಯಲ್ಲಿ ಅಂಟಿಸುವಾಕೆ ಒಬ್ಬಳಿದ್ದಳು. ಇಪ್ಪತ್ತೆಂಟು ವರ್ಷದಿಂದ ಗಿಡಗಳ ಬೇರಿನ ಮಣ್ಣು ಕೊಡವಿ, ಗೋಂದು ಸವರಿ, ಹಾಳೆಗೆ ಕೂರಿಸಿ, ಚೀಟಿ ಬರೆಯುವುದು ಅವಳ ಕೆಲಸ. ಬೆಟ್ಟದ ಒಂದೊಂದು ಸಂದೂ ಅವಳಿಗೆ ಬಾಯಿಪಾಠ. ಆದರೆ ಬೆಟ್ಟದ ಮೇಲೆ ಅವಳು ಒಂದು ದಿನವೂ ಕಾಲಿಟ್ಟಿರಲಿಲ್ಲ. ಅಂಟಿಸುವವರು ಹತ್ತುವ ಪದ್ಧತಿಯೇ ಇರಲಿಲ್ಲ.

ಆ ವರ್ಷ, ಓದುವ ದಿನಕ್ಕೆ ಒಂಬತ್ತು ದಿನ ಇರುವಾಗ, ನೋಟಗಾರ ಬೆಟ್ಟದಿಂದ ತಂದ ಗಿಡಗಳ ಕಟ್ಟು ಬಿಚ್ಚಿ ಅವಳು ಮಣ್ಣು ಕೊಡವುತ್ತಿದ್ದಳು. ಮಣ್ಣು ಬೂದಿ ಬಣ್ಣಕ್ಕಿತ್ತು. ಇನ್ನೊಂದು ಗಿಡ ಕೊಡವಿದಳು, ಅದೂ ಬೂದಿ. ಕಟ್ಟೆಲ್ಲ ಮುಗಿಯಿತು. ಕೈ ತೊಳೆಯಲು ಎದ್ದವಳು ತನ್ನ ಉಗುರು ನೋಡಿಕೊಂಡು ಅಲ್ಲೇ ನಿಂತುಬಿಟ್ಟಳು.

ಕೆಂಗೋಡು ಅನ್ನುವ ಬೆಟ್ಟದ ಮಣ್ಣು ಕುಂಕುಮದಂಥ ಕೆಂಪು. ಆ ಬೆಟ್ಟದ ಗಿಡ ಕೊಡವಿದ ದಿನ ಅವಳ ಉಗುರಿನ ಸಂದಿನಲ್ಲಿ ಕೆಂಪು ಕೂತುಬಿಡುತ್ತಿತ್ತು. ಎಷ್ಟು ಉಜ್ಜಿದರೂ ಹದಿನೈದು ದಿನ ಹೋಗುತ್ತಿರಲಿಲ್ಲ, ಮುದ್ದೆ ಮುರಿಯುವಾಗ ಮುದ್ದೆಗೂ ಹತ್ತುತ್ತಿತ್ತು. ಈಗ ಉಗುರಿನಲ್ಲಿ ಬೂದಿ ಬಣ್ಣ ಬಿಟ್ಟರೆ ಕೆಂಪಿರಲಿಲ್ಲ. ಹೋದ ವರ್ಷವೂ ಇರಲಿಲ್ಲ. ಅದರ ಹಿಂದಿನ ವರ್ಷ? ಆಗಲೂ ಕೆಂಪು ಕಂಡ ನೆನಪಿಲ್ಲ.

ಕೆಂಗೋಡಿನಲ್ಲಿ ಬೆಳೆಯುತ್ತಿದ್ದದ್ದು ನುಚ್ಚುಹೂ. ಜೋಳದ ನುಚ್ಚಿನಷ್ಟೇ ಸಣ್ಣ ಹೂ, ಬೆರಳುದ್ದದ ಗಿಡ. ಅದರ ಹಾಳೆಗಳು ನಲವತ್ತೊಂದು. ಎರಡು ವರ್ಷದಿಂದ ನೋಟಗಾರ ಆ ಹೂವಿಗೆ "ಕಾಣಲಿಲ್ಲ" ಅನ್ನುತ್ತಿದ್ದ. ಈ ವರ್ಷದ್ದು ಮೂರನೆಯದು.

ಅವಳು ಕೈ ತೊಳೆಯಲಿಲ್ಲ. ನೇರ ನೋಟಗಾರನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತು ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದ.

"ಕೆಂಗೋಡಿಗೆ ಹೋಗಿದ್ದೆಯಾ?" ಎಂದಳು.

"ಹೋಗದೆ? ನನ್ನ ಕೆಲಸವೇ ಅದು."

ಅವಳು ಎರಡೂ ಕೈ ಅವನ ಮುಖದ ಮುಂದೆ ಹಿಡಿದಳು. "ಇಲ್ಲಿ ನೋಡು. ಎಲ್ಲಿದೆ ಕೆಂಪು? ಮೂರು ವರ್ಷದಿಂದ ನನಗೆ ಹಳ್ಳದ ದಂಡೆಯ ಗಿಡ ತಂದು ಕೊಟ್ಟಿದ್ದೀಯ. ಬೆಟ್ಟದ ಬುಡದಿಂದಲೇ ತಿರುಗಿ ಬಂದಿದ್ದೀಯ."

ನೋಟಗಾರ ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸಲಿಲ್ಲ. ಅಷ್ಟರ ಮಟ್ಟಿಗೆ ಅವನು ಒಳ್ಳೆಯವನೇ. ಚಪ್ಪಲಿ ಕೆಳಗಿಟ್ಟು, "ಹೋಗಬೇಡ ಅಂದರು," ಎಂದ.

"ಯಾರು?"

"ಯಾರು ಅನ್ನಬೇಕೋ ಅವರೇ. ನನ್ನನ್ನ ಯಾಕೆ ಬಾಯಿ ಬಿಡಿಸ್ತೀಯ? ಊರಿಗೆ ಕೆಂಗಲ್ಲು ಬೇಕು. ಕಲ್ಲಿಗೆ ಬೆಟ್ಟ ಬೇಕು. ಬೆಟ್ಟಕ್ಕೆ ಒಂದು ಹೂ ಅಡ್ಡ ಬಂದಿದೆ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣದು. ನಾನು 'ಕಾಣಲಿಲ್ಲ' ಅಂದಿದ್ದು ಸುಳ್ಳೇನಲ್ಲ. ಹೋಗದಿದ್ದರೆ ಹೇಗೆ ಕಂಡೀತು?"

ಅವನು ನಗಲು ನೋಡಿದ. ಅವಳ ಮುಖ ನೋಡಿ ನಗೆ ಅರ್ಧಕ್ಕೇ ನಿಂತಿತು.

ಅಲ್ಲಿಂದ ಅವಳು ಹಿರಿಯನ ಹತ್ತಿರ ಹೋದಳು. ಹಿರಿಯ ಬಹಳ ಮೆತ್ತಗಿನ ಮನುಷ್ಯ. ಯಾರಿಗೂ ದನಿ ಎತ್ತಿ ಮಾತಾಡಿದವನಲ್ಲ. ಅವಳು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ನೀರು ಕುಡಿಯುತ್ತೀಯಾ?" ಎಂದ.

"ನೀರು ಬೇಡ. ಉತ್ತರ ಬೇಕು."

"ನೋಡು ತಾಯಿ. ನಮ್ಮ ಊರಿನ ಮಣ್ಣಿನ ಹೊಸ್ತಿಲನ್ನು ವರ್ಷಕ್ಕೊಂದು ಸಲ ಗೆದ್ದಲು ತಿನ್ನುತ್ತೆ. ಹೆಂಗಸರು ಸಾರಿಸಿ ಸಾರಿಸಿ ಸೋತಿದ್ದಾರೆ. ಕೆಂಗಲ್ಲಿನ ಹೊಸ್ತಿಲು ಹಾಕಿದರೆ ಏಳು ತಲೆಮಾರು ತಿರುಗಿ ನೋಡಬೇಕಾಗಿಲ್ಲ. ಒಂದು ಕಡೆ ಇಡೀ ಊರು, ಇನ್ನೊಂದು ಕಡೆ ಒಂದು ಹೂ. ಅದೂ ಇದೆಯೋ ಇಲ್ಲವೋ ಗೊತ್ತಿಲ್ಲದ ಹೂ. ನೀನು ಕಂಡಿದ್ದೀಯಾ?"

"ನಲವತ್ತೊಂದು ಹಾಳೆಯಲ್ಲಿ ಕಂಡಿದ್ದೀನಿ."

"ಬದುಕಿದ್ದನ್ನ?"

"ಇಲ್ಲ," ಎಂದಳು. ಹಿರಿಯ ಮರುಕದಿಂದ ತಲೆಯಾಡಿಸಿದ. "ಕಟ್ಟಳೆಗಿಂತ ನಾನು ದೊಡ್ಡವನಲ್ಲ. ಓದುವ ದಿನಕ್ಕೆ ಒಂಬತ್ತು ದಿನ ಇದೆ. ಬೇರಿರುವ ಗಿಡ ತಂದು ತೋರಿಸು, ಹಾಳೆ ಮಗುಚುವುದಿಲ್ಲ. ಹೋಗಿ ಬಾ. ಬಿಸಿಲು ಜಾಸ್ತಿ, ಹುಷಾರು."

ಬೈದಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಆ 'ಹುಷಾರು' ಅನ್ನುವ ಮಾತು ಕೆಂಡದ ಹಾಗೆ ಎದೆಯಲ್ಲಿ ಕೂತಿತು. ಅದನ್ನೇ ಹೊತ್ತುಕೊಂಡು ಮರುದಿನ ಬೆಳಗ್ಗೆ ಬುತ್ತಿ, ನೀರಿನ ಚರ್ಮದ ಚೀಲ, ಎರಡು ಹಾಳೆ ಹಿಡಿದು ಬೆಟ್ಟದ ದಾರಿ ಹಿಡಿದಳು.

ಎರಡು ದಿನ ಒಣಹಳ್ಳದ ಮರಳು, ಮೂರನೆಯ ದಿನ ಕಲ್ಲು. ನಡೆಯುತ್ತ ನಡೆಯುತ್ತ ಅವಳಿಗೆ ನುಚ್ಚುಹೂವಿನ ಚೀಟಿಗಳೆಲ್ಲ ಸಾಲಾಗಿ ನೆನಪಾದವು. ಮೊದಲನೆಯ ಹಾಳೆ, ಅವಳ ಮುತ್ತಜ್ಜಿಯ ಕಾಲದ್ದು: "ಕೆಂಗೋಡಿನಲ್ಲಿ ಎಲ್ಲೆಲ್ಲೂ ಇದೆ, ತುಳಿಯದೆ ನಡೆಯಲು ಜಾಗವಿಲ್ಲ." ಒಂಬತ್ತನೆಯ ಹಾಳೆ: "ಹೇರಳ." ಹದಿನಾರನೆಯದು: "ಸಾಕಷ್ಟಿದೆ." ಇಪ್ಪತ್ತೇಳನೆಯದು: "ಅಲ್ಲಲ್ಲಿ." ಮೂವತ್ತೈದನೆಯದು: "ವಿರಳ." ನಲವತ್ತೊಂದನೆಯದು: "ಬಡಗಣ ಮಗ್ಗುಲು, ಒಡೆದ ಬಂಡೆಯ ಸಂದು. ಹುಡುಕಿದರೆ ಸಿಗುತ್ತದೆ." ಹಳೆಯವನ್ನು ಬಿಟ್ಟರೆ ಉಳಿದವೆಲ್ಲ ಅವಳೇ ಬರೆದ ಚೀಟಿಗಳು, ಎಲ್ಲವನ್ನೂ ಜೋಡಿಸಿದ್ದು ಅವಳೇ. ಒಂದೊಂದನ್ನೂ ಬಿಡಿಬಿಡಿಯಾಗಿ ಓದಿದ್ದಳು. ಒಟ್ಟಿಗೆ, ಒಂದರ ಹಿಂದೊಂದು, ಕಾಲಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓದಿರಲಿಲ್ಲ. ಈಗ ಓದಿದಳು. ಎಲ್ಲೆಲ್ಲೂ. ಹೇರಳ. ಸಾಕಷ್ಟು. ಅಲ್ಲಲ್ಲಿ. ವಿರಳ. ಹುಡುಕಿದರೆ.

ಮೂರನೆಯ ದಿನ ಇಳಿಹೊತ್ತಿಗೆ ಕೆಂಗೋಡಿನ ಬುಡದ ನೀರಿನ ಗುಂಡಿಯ ಹತ್ತಿರ ಒಬ್ಬ ಹೆಂಗಸು ಮೇಕೆಗಳಿಗೆ ನೀರು ಕುಡಿಸುತ್ತಿದ್ದಳು. ಬೆಟ್ಟದ ಮೇಲೆಯೇ ಹುಟ್ಟಿ ಬೆಳೆದ ಮೇಕೆಯವಳು. ಬಂದವಳ ಕಂಕುಳಲ್ಲಿದ್ದ ಹಾಳೆ ನೋಡಿದ್ದೇ ತಡ, ಅವಳು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಹಾಳೆ ಹಿಡ್ಕೊಂಡು ಬಂದೋರಿಗೆ ಇಲ್ಲಿ ಏನೂ ಇಲ್ಲ. ನೀರು ಬೇಕಾದ್ರೆ ಕುಡಿ, ಹಿಂದಕ್ಕೆ ಹೋಗು."

"ನುಚ್ಚುಹೂ ನೋಡೋಕೆ ಬಂದೆ."

"ಆ ಹೆಸರು ನಿಮ್ಮೂರಿಂದು. ನಾವು ಮೂಗುಬೊಟ್ಟು ಅಂತೀವಿ. ನಮ್ಮಜ್ಜಿ ನಿಮ್ಮೋರಿಗೆ ತೋರಿಸಿದ್ಲು. ನಮ್ಮವ್ವ ತೋರಿಸಿದ್ಲು. ನಾನೂ ಮೂರು ಸಲ ತೋರಿಸಿದೀನಿ. ತೋರಿಸ್ದಾಗೆಲ್ಲ ಕುಕ್ಕುರುಗಾಲಲ್ಲಿ ಕೂತು ಹತ್ತು ಗಿಡ, ಹದಿನೈದು ಗಿಡ ಬೇರುಸಮೇತ ಕಿತ್ಕೊಂಡು ಹೋದ್ರು. ಯಾಕಪ್ಪ ಇಷ್ಟು ಅಂದ್ರೆ, ಹಾಳೆ ತುಂಬಬೇಕು ಅಂದ್ರು. ನಮ್ಮ ಹೆಸರು ಆ ಹಾಳೇಲಿ ಎಲ್ಲಾದ್ರೂ ಐತಾ, ನೀನೇ ಹೇಳು."

ಇರಲಿಲ್ಲ. ನಲವತ್ತೊಂದು ಚೀಟಿಯಲ್ಲೂ ತಂದವನ ಹೆಸರಿತ್ತು, ತೋರಿಸಿದವಳ ಹೆಸರು ಒಂದರಲ್ಲೂ ಇರಲಿಲ್ಲ. ಚೀಟಿಯಲ್ಲಿ ಅದಕ್ಕೊಂದು ಸಾಲೇ ಇರಲಿಲ್ಲ.

"ಇಲ್ಲ," ಎಂದಳು ಅಂಟಿಸುವಾಕೆ. "ಆದರೆ ಈ ಸಲ ತೋರಿಸದೆ ಇದ್ದರೆ ಕಬ್ಬಿಣ ಬರುತ್ತೆ." ನಡೆದದ್ದನ್ನೆಲ್ಲ ಹೇಳಿದಳು.

ಮೇಕೆಯವಳು ನೀರು ಕುಡಿದ ಮೇಕೆಗಳನ್ನು ಆಚೆ ಅಟ್ಟಿದಳು. ಕೊನೆಗೆ, "ಕಿತ್ಕೊಂಡು ಹೋಗೋಕೂ ನಾವೇ ತೋರಿಸಬೇಕು, ಉಳಿಸೋಕೂ ನಾವೇ ತೋರಿಸಬೇಕು. ಚೆನ್ನಾಗೈತೆ ನಿಮ್ಮೂರಿನ ನ್ಯಾಯ," ಎಂದು ಕಾರಿ ಉಗಿದು, "ನಾಳೆ ಬಿಸಿಲೇರಿದ ಮೇಲೆ ಬಾ," ಎಂದಳು.

ಮರುದಿನ ಇಬ್ಬರೂ ಹತ್ತಿದರು. ಮೇಕೆಯವಳು ಮುಂದೆ, ಅಂಟಿಸುವಾಕೆ ಹಿಂದೆ. ಬಡಗಣ ಮಗ್ಗುಲಿಗೆ ತಿರುಗಿ, ಒಡೆದ ಬಂಡೆಯ ಹತ್ತಿರ ನಿಂತು ಮೇಕೆಯವಳು ಕೋಲಿನ ತುದಿಯಿಂದ ತೋರಿಸಿದಳು. ಸಂದಿನಲ್ಲಿ ಒಂದು ಹಿಡಿ ಕೆಂಪು ಮಣ್ಣು. ಆ ಮಣ್ಣಿನಲ್ಲಿ ಮೂರು ಗಿಡ. ಮೊಗ್ಗೆಲ್ಲ ಮುಚ್ಚಿತ್ತು.

"ಇಷ್ಟೇನಾ?"

"ಇಷ್ಟೇ. ಕೂತ್ಕೋ. ನಡುಹೊತ್ತಿಗೆ ಬಿಡುತ್ತೆ."

ಕೂತರು. ನೆತ್ತಿಗೆ ಬಿಸಿಲು ಬಂತು. ಬಂಡೆಯ ನೆರಳು ಬಂಡೆಯ ಕೆಳಗೆ ಸೇರಿಕೊಂಡಿತು. ಆಗ ಒಂದು ಮೊಗ್ಗು ಬಿರಿಯಿತು, ಅದರ ಪಕ್ಕದ್ದು ಬಿರಿಯಿತು, ನೋಡುತ್ತಿದ್ದ ಹಾಗೆ ಏಳೆಂಟು ಬಿರಿದವು. ಅಂಟಿಸುವಾಕೆ ಬಾಯಿಗೆ ಸೆರಗು ಒತ್ತಿಕೊಂಡಳು.

ಹೂ ನೀಲಿಯಾಗಿತ್ತು.

ಇಪ್ಪತ್ತೆಂಟು ವರ್ಷ ಅವಳು ಅಂಟಿಸಿದ ನುಚ್ಚುಹೂ ಎಲ್ಲವೂ ಕಂದು. ಒಣಗಿದ ಹುಣಸೆಸಿಪ್ಪೆಯ ಕಂದು. ಯಾವ ಚೀಟಿಯಲ್ಲೂ ಯಾರೂ ಬಣ್ಣ ಬರೆದಿರಲಿಲ್ಲ. ಇದು ನವಿಲಿನ ಕತ್ತಿನ ನೀಲಿ. ನಡುವೆ ಸಾಸಿವೆಯಷ್ಟು ಬಿಳಿ, ಆ ಬಿಳಿಯಿಂದ ಹೊರಟ ಕೂದಲಿನಂಥ ಕೆಂಪು ಗೆರೆ. ಬಗ್ಗಿದರೆ ಹೊಸದಾಗಿ ಕುಟ್ಟಿದ ಕೊತ್ತಂಬರಿ ಬೀಜದ ವಾಸನೆ.

ಅವಳು ಲೆಕ್ಕ ಹಾಕಿದಳು. ತಾನು ಅಂಟಿಸಿದ ಹಾಳೆಗಳಲ್ಲಿ ಇದ್ದದ್ದು ಮುನ್ನೂರ ಹದಿನಾಲ್ಕು ಗಿಡ. ಮುನ್ನೂರ ಹದಿನಾಲ್ಕರ ಬೇರಿನ ಮಣ್ಣನ್ನು ತನ್ನ ಕೈಯಾರೆ ಕೊಡವಿ ಕಸದ ಗುಂಡಿಗೆ ಹಾಕಿದ್ದಳು. ಆ ಮಣ್ಣಲ್ಲಿ ಬೀಜ ಇತ್ತೋ ಏನೋ. ನೋಟಗಾರನ ಮೇಲೆ, ಹಿರಿಯನ ಮೇಲೆ ಉರಿಯುತ್ತಿದ್ದ ಸಿಟ್ಟು ಈಗ ತಿರುಗಿ ಅವಳನ್ನೇ ಹಿಡಿಯಿತು. ಎರಡೂ ಅಂಗೈಯನ್ನು ಬಂಡೆಗೆ ಬಡಿದಳು. ಮೇಕೆಯವಳು ತಡೆಯಲಿಲ್ಲ.

"ಬಡ್ಕೊಂಡಿದ್ದು ಸಾಕು. ಕೀಳೋದಿದ್ರೆ ಕಿತ್ಕೋ," ಎಂದಳು ಮೇಕೆಯವಳು. "ಒಂದು ಹೋದ್ರೆ ಎರಡು ಉಳೀತಾವೆ. ಕೀಳದಿದ್ರೆ ಬೆಟ್ಟಾನೇ ಹೋಗುತ್ತೆ. ನೀನೇ ಅಲ್ವಾ ಹೇಳಿದ್ದು?"

ಅಂಟಿಸುವಾಕೆ ಗಿಡದ ಬುಡಕ್ಕೆ ಬೆರಳು ಹಾಕಿದಳು. ಬೇರು ಬಂಡೆಯ ಆಳಕ್ಕೆ ಇಳಿದಿತ್ತು. ಮೂರೂ ಗಿಡದ ಬೇರು ಒಂದಕ್ಕೊಂದು ಹೆಣೆದುಕೊಂಡಿತ್ತು. ಒಂದನ್ನು ಎಳೆದರೆ ಮೂರೂ ಅಲ್ಲಾಡುತ್ತಿದ್ದವು.

ಅವಳು ಬೆರಳು ತೆಗೆದಳು. ಉಗುರಿನಿಂದ ಹೂವಿದ್ದ ಒಂದು ಸಣ್ಣ ಕುಡಿಯನ್ನು ಮಾತ್ರ ಚಿವುಟಿ ಹಾಳೆಯ ನಡುವೆ ಇಟ್ಟುಕೊಂಡಳು.

"ಬೇರು ಬೇಕು ಅಂದಿದ್ದೆ?"

"ಕಣ್ಣಿದ್ದವರಿಗೆ ಇಷ್ಟು ಸಾಕು," ಎಂದಳು ಅಂಟಿಸುವಾಕೆ.

ಮೇಕೆಯವಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಮೂರಿನೋರನ್ನ ನೀನು ಇನ್ನೂ ಕಂಡಿಲ್ಲ," ಎಂದಳು.

ಓದುವ ದಿನ ಅಂಗಳ ತುಂಬಿತ್ತು. ಹಿರಿಯ ನುಚ್ಚುಹೂವಿನ ಕಟ್ಟು ಎತ್ತಿ ನಲವತ್ತೊಂದು ಚೀಟಿಯನ್ನೂ ಓದಿದ. ನೋಟಗಾರ ಎದ್ದು, ನೆಲ ನೋಡಿಕೊಂಡು, "ಕಾಣಲಿಲ್ಲ," ಎಂದ.

"ನಾನು ಕಂಡೆ," ಎಂದು ಅಂಟಿಸುವಾಕೆ ಮುಂದೆ ಬಂದಳು. ಬಿಸಿಲಿಗೆ ಅವಳ ತುಟಿ ಸೀಳಿತ್ತು, ಕಾಲು ಬೊಬ್ಬೆಯೆದ್ದಿತ್ತು. ಹಾಳೆ ಬಿಚ್ಚಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಕುಡಿ ಬಾಡಿತ್ತು, ಆದರೆ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಮುಂದಿನ ಸಾಲಿನವರು ಕತ್ತು ಚಾಚಿದರು. ಯಾರೋ "ಅಯ್ಯೋ, ಎಷ್ಟು ಚೆನ್ನಾಗಿದೆ," ಎಂದರು.

ಹಿರಿಯ ಹಾಳೆ ಇಸಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಬೇರು?"

"ಬೇರು ನೆಲದಲ್ಲಿದೆ. ಅದಕ್ಕೇ ಅದು ಬದುಕಿದೆ."

"ಬೇರಿಲ್ಲದ ಹಾಳೆ ಹಾಳೆಯಲ್ಲ, ತಾಯಿ."

"ಬೇರು ತಂದಿದ್ದರೆ ಅಲ್ಲಿ ಗಿಡ ಇರುತ್ತಿರಲಿಲ್ಲ! ಇರುವುದು ಮೂರೇ. ಬದುಕಿದೆ ಅಂತ ತೋರಿಸೋಕೆ ಕೊಂದು ತರಬೇಕಾ? ಇದು ಯಾವ ಸೀಮೆಯ ಕಟ್ಟಳೆ?"

"ನಮ್ಮ ಸೀಮೆಯದೇ," ಎಂದ ಹಿರಿಯ, ಮೆತ್ತಗೆ. "ಇಪ್ಪತ್ತೆಂಟು ವರ್ಷ ನೀನೇ ನಡೆಸಿಕೊಂಡು ಬಂದದ್ದು."

ಅವಳು ಊರಿನ ಕಡೆ ತಿರುಗಿದಳು. "ಯಾರಾದರೂ ಒಬ್ಬರು ಬನ್ನಿ. ಮೂರು ದಿನದ ದಾರಿ. ನಡುಹೊತ್ತಿಗೆ ಬಿರಿಯುತ್ತೆ. ಕಣ್ಣಾರೆ ನೋಡಿ ಬಂದು, ಆಮೇಲೆ ಮಗುಚಿ. ಒಬ್ಬರು ಸಾಕು!"

ಯಾರೂ ಏಳಲಿಲ್ಲ. ಎಲ್ಲರಿಗೂ ಅವಳ ಮೇಲೆ ಕನಿಕರವಿತ್ತು. ಒಬ್ಬಳು ಹೆಂಗಸು ಸೆರಗಿನ ಗಂಟು ನೋಡಿಕೊಂಡಳು. ಒಬ್ಬ ಮುದುಕ, "ಕಾಲು ನೋವು, ಇಲ್ಲದಿದ್ದರೆ ಬರುತ್ತಿದ್ದೆ," ಎಂದ. ನಲವತ್ತೊಂದು ಹಾಳೆಗಳನ್ನೂ ಮಗುಚಿದರು. ಅವಳು ತಂದ ಕುಡಿ ಹಾಳೆಯಿಂದ ಜಾರಿ ಅಂಗಳದ ಧೂಳಿಗೆ ಬಿತ್ತು. ಅಷ್ಟು ಸಣ್ಣದು, ಎಲ್ಲಿ ಬಿತ್ತೆಂದು ಗೊತ್ತಾಗಲಿಲ್ಲ.

ಕಲ್ಲು ಒಡೆಯುವವರು ಮರುದಿನವೇ ಹೊರಟರು. ಅಂಟಿಸುವಾಕೆ ಅವರಿಗಿಂತ ಅರ್ಧ ದಿನ ಮುಂಚೆ ಮುಟ್ಟಿದಳು. ಮೇಕೆಯವಳಿಗೆ ಏನನ್ನೂ ಹೇಳಬೇಕಾಗಲಿಲ್ಲ. ಇಬ್ಬರೂ ಒಡೆದ ಬಂಡೆಯ ಸಂದಿಗೆ ಬೆನ್ನು ಕೊಟ್ಟು ಕೂತರು.

ಕಲ್ಲಿನವರ ಮೇಸ್ತ್ರಿ ದೊಡ್ಡ ಮೈಯ ಮನುಷ್ಯ, ಮಾತು ಕಡಿಮೆ. "ಏಳ್ರವ್ವ," ಎಂದ.

"ಒಂದು ಹೊತ್ತು ತಡಿ. ನಡುಹೊತ್ತಿಗೆ ಬಿಡುತ್ತೆ, ನೋಡಿ ಆಮೇಲೆ ಒಡಿ," ಎಂದಳು ಅಂಟಿಸುವಾಕೆ.

"ನೋಡಿದ್ರೆ ಒಡೆಯೋಕಾಗಲ್ಲ ಕಣವ್ವ. ಅದಕ್ಕೇ ನೋಡಲ್ಲ," ಎಂದ ಮೇಸ್ತ್ರಿ.

ಮೇಕೆಯವಳು ಕೋಲು ಬೀಸಿದಳು. ಅಂಟಿಸುವಾಕೆ ಒಬ್ಬನ ಕೈ ಕಚ್ಚಿದಳು. ಆದರೆ ಅವರು ಇಪ್ಪತ್ತು ಜನ. ಇಬ್ಬರನ್ನೂ, ತುಂಬಿದ ಕೊಡ ಎತ್ತಿಡುವ ಹಾಗೆ, ಒಂದಿಷ್ಟೂ ನೋವಾಗದ ಹಾಗೆ ಎತ್ತಿ ಆಚೆ ಕೂರಿಸಿದರು. ಮೇಸ್ತ್ರಿ ಮುಖ ಆ ಕಡೆ ತಿರುಗಿಸಿಕೊಂಡು ಹಾರೆಯನ್ನು ಸಂದಿಗೆ ಇಳಿಸಿದ. ಬಂಡೆ ಕೂಗಿಕೊಂಡು ಎರಡಾಯಿತು. ಆ ಧೂಳಿನಲ್ಲೇ ಮೇಕೆಯವಳು ನುಗ್ಗಿ, ಕೈಗೆ ಸಿಕ್ಕಷ್ಟು ಮಣ್ಣಿನ ಜೊತೆ ಒಂದು ಗಿಡವನ್ನು ಬಾಚಿ ಕಂಬಳಿಯಲ್ಲಿ ಕಟ್ಟಿಕೊಂಡಳು. ನಡುಹೊತ್ತಿಗೆ ಕೆಲಸಗಾರರು ಬುತ್ತಿ ಬಿಚ್ಚಿದರು. ಇಬ್ಬರು ಹೆಂಗಸರಿಗೂ ರೊಟ್ಟಿ ಕೊಡಲು ಬಂದರು.

ಕಂಬಳಿಯ ಗಿಡಕ್ಕೆ ನೀರಿನ ಗುಂಡಿಯ ಪಕ್ಕ ಜಾಗ ಮಾಡಿದರು. ನೆರಳು ಮಾಡಿದರು, ಮೇಕೆ ಬರದ ಹಾಗೆ ಮುಳ್ಳು ಕಟ್ಟಿದರು. ಮೂರನೆಯ ದಿನ ಅದು ಕಂದಾಯಿತು.

ಅಂಟಿಸುವಾಕೆ ಊರಿಗೆ ವಾಪಸ್ಸು ಬಂದಳು. ಹಾಳೆಮನೆಗೆ ಹೋಗಿ ಎಂದಿನಂತೆ ಗೋಂದು ಕಲಸಿ ಕೂತಳು. ಯಾರ ಮೇಲೂ ಕೂಗಲಿಲ್ಲ. "ತಿಳಿವಳಿಕೆಯ ಹೆಂಗಸು. ಸಿಟ್ಟು ಬಂದಿತ್ತು, ಇಳಿಯಿತು," ಎಂದ ಹಿರಿಯ.

ಕೆಂಗಲ್ಲು ಗಾಡಿಗಟ್ಟಲೆ ಬಂತು. ಮನೆಮನೆಗೂ ಹೊಸ್ತಿಲು ಬಂತು. ಅಂಟಿಸುವಾಕೆ ಸಂಜೆ ಕೆಲಸ ಮುಗಿಸಿ ದಿನಕ್ಕೊಂದು ಬೀದಿ ಸುತ್ತುತ್ತಿದ್ದಳು. "ಹೊಸ ಹೊಸ್ತಿಲು ಹಾಕಿಸಿದಿರಂತೆ, ನೋಡೋಣ ಅಂತ ಬಂದೆ," ಅನ್ನುತ್ತಿದ್ದಳು. ಜನಕ್ಕೆ ಸಂತೋಷವಾಗುತ್ತಿತ್ತು. ಕರೆದು ಕೂರಿಸಿ, ನೀರು ಬೆಲ್ಲ ಕೊಟ್ಟು, "ನಮ್ಮ ಯಜಮಾನರೇ ಮುಂದೆ ನಿಂತು ಹಾಕಿಸಿದ್ದು," "ನಾನೇ ಹಟ ಹಿಡಿದು ತರಿಸಿದ್ದು," ಎಂದು ಹೇಳಿಕೊಳ್ಳುತ್ತಿದ್ದರು. ಅವಳು ಹೊಸ್ತಿಲ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ತಣ್ಣಗಿರುತ್ತಿತ್ತು. ಹೆಸರು ನೆನಪಿಟ್ಟುಕೊಂಡು ಎದ್ದು ಬರುತ್ತಿದ್ದಳು.

ಮತ್ತೆ ಬೇಸಿಗೆಯ ಮೊದಲ ದಿನ ಬಂತು. ಊರು ಅಂಗಳದಲ್ಲಿ ಕೂತಿತು. ಹಿರಿಯ ಹಾಳೆ ಎತ್ತಿ ಎತ್ತಿ ಓದಿದ, ನೋಟಗಾರ ಎದ್ದು ಎದ್ದು ಹೇಳಿದ. ಕಟ್ಟಿನ ಅಡಿಯಲ್ಲಿ ಒಂದು ಹೊಸ ಹಾಳೆ ಇತ್ತು. ಅದರಲ್ಲಿ ಹೂವಿರಲಿಲ್ಲ. ಒಂದು ಚಿಟಿಕೆ ಕೆಂಪು ಮಣ್ಣನ್ನು ಗೋಂದಿನಲ್ಲಿ ಅಂಟಿಸಲಾಗಿತ್ತು. ಚೀಟಿ ಮಾತ್ರ ಹಾಳೆಯ ತುಂಬ ಇತ್ತು, ಬೆನ್ನಿಗೂ ಹಬ್ಬಿತ್ತು. ಹಿರಿಯ ಎತ್ತಿದ. ಎತ್ತಿದ ಮೇಲೆ ಓದಲೇಬೇಕು.

"ಹೆಸರು, ನುಚ್ಚುಹೂ. ಬೆಟ್ಟದವರ ಬಾಯಲ್ಲಿ ಮೂಗುಬೊಟ್ಟು," ಎಂದು ಓದಿದ. "ಬಣ್ಣ, ನೀಲಿ. ಜಾಗ, ಕೆಂಗೋಡಿನ ಬಡಗಣ ಮಗ್ಗುಲು. ಆ ಜಾಗ ಈಗಿಲ್ಲ. ತೋರಿಸಿದವಳು, ಹುಲಿಗೆಮ್ಮ. ಅವಳ ತಾಯಿ, ಅವಳ ಅಜ್ಜಿ."

ಹಿರಿಯ ತಡೆದ. ಮುಂದಿನ ಸಾಲು ಅವನ ಕಣ್ಣಿಗೆ ಬಿದ್ದಿತ್ತು.

"ಓದಿ," ಎಂದಳು ಅಂಟಿಸುವಾಕೆ, ಕೂತಲ್ಲಿಂದಲೇ.

"ಕೊಂದವರು," ಎಂದು ಹಿರಿಯ ಓದಿದ. ಅವನ ದನಿ ಮೊದಲ ಸಲ ಮೆತ್ತಗಿರಲಿಲ್ಲ, ಒಡೆದಿತ್ತು. "ಮುನ್ನೂರ ಹದಿನಾಲ್ಕು ಗಿಡ ಅಂಟಿಸಿದವಳು, ಕರಿಬಸವ್ವ. ಹೋಗದೆ ಕಾಣಲಿಲ್ಲ ಅಂದವನು, ಗಾದಿಲಿಂಗ. ಹೋಗಬೇಡ ಅಂದವನು..." ಮುಂದಿನದು ಅವನದೇ ಹೆಸರು. ಊರು ಕಾಯಿತು. "ಪಂಪಾಪತಿ. ನೋಡದೆ ಒಡೆದವನು, ಓಬಳೇಶ. ಹೊಸ್ತಿಲಿಗೆ ಹಾಕಿಸಿಕೊಂಡವರು. ಪಡುವಣ ಬೀದಿ: ರುದ್ರಮುನಿ, ಕೊಟ್ರಮ್ಮ, ತಾಯಪ್ಪ, ಶೇಕ್ಷಾವಲಿ..."

ಓದುತ್ತ ಹೋದ. ಹೆಸರು ಕರೆದ ಹಾಗೆಲ್ಲ ಅಂಗಳದಲ್ಲಿ ಒಬ್ಬೊಬ್ಬರ ಬೆನ್ನು ನೆಟ್ಟಗಾಗುತ್ತಿತ್ತು, ಯಾರೋ ಹಿಂದಿನಿಂದ ಹೊಡೆದ ಹಾಗೆ. ಒಂದು ಬೀದಿ ಮುಗಿಯಿತು. ಇನ್ನೊಂದು ಬೀದಿ ಮುಗಿಯಿತು. "ಕಾಲು ನೋವು" ಅಂದಿದ್ದ ಮುದುಕನ ಹೆಸರು ಬಂದಾಗ ಅವನು ನೆಟ್ಟಗೆ ಎದ್ದು ನಿಂತ. ನೂರ ಮೂವತ್ತಾರು ಹೆಸರು ಮುಗಿಯುವಷ್ಟರಲ್ಲಿ ಹಿರಿಯ ಹಾಳೆಯ ಬೆನ್ನಿನ ಕೊನೆಯ ಸಾಲಿಗೆ ಬಂದಿದ್ದ.

ಆಮೇಲೆ ಕೂಗು ಎದ್ದಿತು. "ಹರಿದು ಹಾಕಿ ಅದನ್ನ!" "ನಮ್ಮ ಮನೆಯಲ್ಲಿ ಬೆಲ್ಲ ತಿಂದು ಹೋಗಿ ನಮ್ಮ ಹೆಸರೇ ಬರೆದಿದ್ದಾಳೆ!" "ಮಗುಚಿ, ಮಗುಚಿ!"

ಅಂಟಿಸುವಾಕೆ ಎದ್ದಳು. "ಕಟ್ಟಳೆಗಿಂತ ಯಾರೂ ದೊಡ್ಡವರಲ್ಲ," ಎಂದಳು. "ಮೂರು ವರ್ಷ ಕಾಣದೆ ಹೋದದ್ದನ್ನು ಮಾತ್ರ ಮಗುಚಬಹುದು. ಈ ಹಾಳೆಯಲ್ಲಿರುವ ನೀವೆಲ್ಲ ಕಾಣಿಸುತ್ತಿದ್ದೀರಲ್ಲ, ವರ್ಷವರ್ಷವೂ ಇದನ್ನು ಓದಲೇಬೇಕು. ಗಾದಿಲಿಂಗ, ಏಳು. ಹೇಳು, ಕಂಡೆಯೋ ಕಾಣಲಿಲ್ಲವೋ?"

ನೋಟಗಾರ ಎದ್ದ. ಎಷ್ಟೋ ವರ್ಷದ ಮೇಲೆ ಅವನು ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದ, ಕೊನೆಗೆ ಹಿರಿಯನ ಮುಖ ನೋಡಿದ.

"ಕಂಡೆ," ಎಂದ.

ಆ ಮಾತು ಮುಗಿಯುವ ಮುಂಚೆಯೇ ಒಂದು ಕಲ್ಲು ಬಂದು ಅವಳ ಭುಜಕ್ಕೆ ಬಡಿಯಿತು. ಇನ್ನೊಂದು ಹಣೆಗೆ ತಾಗಿತು. ಅವಳು ಓಡಲಿಲ್ಲ. ಗೋಂದಿನ ಕುಡಿಕೆಯನ್ನೂ ಕುಂಚವನ್ನೂ ಹಿರಿಯನ ಕಾಲ ಬಳಿ ಇಟ್ಟು, ಅಂಗಳ ದಾಟಿ, ಪಡುವಣ ಬೀದಿಯ ಅಷ್ಟೂ ಕೆಂಪು ಹೊಸ್ತಿಲುಗಳ ಮುಂದೆ ನಡೆದು ಊರಾಚೆ ಹೋದಳು.

ನೀರಿನ ಗುಂಡಿಯ ಹತ್ತಿರ ಮೇಕೆಯವಳು ಅವಳ ಹಣೆಯ ಗಾಯ ತೊಳೆದು ಸೊಪ್ಪು ಅರೆದು ಹಚ್ಚಿದಳು. ನಡೆದದ್ದೆಲ್ಲ ಕೇಳಿದಳು. ತನ್ನ ಹೆಸರು ಊರ ಮುಂದೆ ಓದಿದ್ದು ಕೇಳಿ ಅವಳ ಕೈ ನಿಂತಿತು.

"ನನ್ನ ಕೇಳ್ದೆ ಯಾಕೆ ಬರೆದೆ? ಕೊಂದೋರ ಹಾಳೇಲಿ?"

"ಕೊಂದವರ ಸಾಲಲ್ಲಿ ಅಲ್ಲ. ತೋರಿಸಿದವಳು ಅಂತ."

"ತೋರಿಸಿದ್ದಕ್ಕೇ ಅಲ್ವಾ ಹೋದದ್ದು." ಮೇಕೆಯವಳು ಸೊಪ್ಪನ್ನು ಜೋರಾಗಿಯೇ ಒತ್ತಿದಳು. "ಇರಲಿ. ನಮ್ಮವ್ವನ್ನೂ ಸೇರಿಸಿದ್ಯಲ್ಲ," ಎಂದಳು. ಆಮೇಲೆ, "ಊರಿನೋರು ಕಲ್ಲು ಒಡೆಯೋದು ಬಿಟ್ರಾ?"

"ಇಲ್ಲ."

"ನಿನ್ನ ಸಿಟ್ಟು ಇಳೀತಾ?"

"ಇಲ್ಲ."

ಮೇಕೆಯವಳು ಎದ್ದು ಕಂಬಳಿ ಕೊಡವಿದಳು. ಮೂಡಣಕ್ಕೆ, ಮೂರು ಬೆಟ್ಟದಾಚೆ ಇದ್ದ ಒಂದು ಕೋಡನ್ನು ಕೋಲಿನಲ್ಲಿ ತೋರಿಸಿದಳು. ಅದರ ಹೆಸರು ಯಾವ ಚೀಟಿಯಲ್ಲೂ ಇರಲಿಲ್ಲ. "ಅಲ್ಲೂ ಮಣ್ಣು ಕೆಂಪೈತೆ ಅಂತಿದ್ಲು ನಮ್ಮಜ್ಜಿ. ನಾನು ನೋಡಿಲ್ಲ. ನೀರಿಲ್ಲ ಅಂತ ಯಾರೂ ಹೋಗಲ್ಲ."

"ಇದ್ದರೆ?"

"ಇದ್ರೆ ಕೂತು ನೋಡ್ತೀವಿ. ಯಾರಿಗೂ ಹೇಳಲ್ಲ."

"ಇಲ್ಲದಿದ್ದರೆ?"

"ಅದರಾಚೆ ಇನ್ನೊಂದು ಬೆಟ್ಟ ಐತೆ."

ಕರಿಬಸವ್ವ ಹಣೆಗೆ ಬಟ್ಟೆ ಬಿಗಿದುಕೊಂಡು ಎದ್ದಳು. ಇಬ್ಬರೂ ಚರ್ಮದ ಚೀಲಗಳಿಗೆ ಬಾಯಿಯವರೆಗೆ ನೀರು ತುಂಬಿಕೊಂಡರು. ಮೇಕೆಗಳನ್ನು ಮುಂದೆ ಬಿಟ್ಟು, ಬಿಸಿಲು ಏರುವ ಮೊದಲು, ಮೂಡಣದ ಕಡೆ ಹತ್ತತೊಡಗಿದರು.